ಓದುಗರ ಪ್ರಶ್ನೆ: ಧ್ರುವದ್ವೀಪಗಳಲ್ಲಿ ಮತ ಯಾರದು, ದುಡ್ಡು ಯಾರದು?

ಗ್ರೀನ್‌ಲ್ಯಾಂಡ್ ಸುದ್ದಿಯಾದಾಗಿನಿಂದ ಉತ್ತರ ಧ್ರುವದ ದ್ವೀಪಗಳ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಒಂದೇ ಅರ್ಥದವನ್ನು ಸೇರಿಸಿ, ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಗ್ರೀನ್‌ಲ್ಯಾಂಡಿಗೆ ಡೆನ್ಮಾರ್ಕಿನಿಂದ ಬೇರೆಯಾಗುವ ಹಕ್ಕು ಕಾನೂನಿನಲ್ಲೇ ಇದೆಯಂತೆ. ಹಾಗಿದ್ದರೆ ತಡ ಏಕೆ?

ಹಕ್ಕು ಇದೆ. 2008ರ ನವೆಂಬರಿನ ಜನಮತಗಣನೆಯಲ್ಲಿ ಶೇ 75ರಷ್ಟು ಮತದಾರರು ಒಪ್ಪಿದ ಸ್ವಯಮಾಡಳಿತ ಕಾಯ್ದೆ 2009ರ ಜೂನ್ 21ರಂದು ಜಾರಿಗೆ ಬಂತು. ಅದರ 21ನೇ ಸೆಕ್ಷನ್ ದಾರಿಯನ್ನು ಹೀಗೆ ಹೇಳುತ್ತದೆ: ಸ್ವಾತಂತ್ರ್ಯದ ನಿರ್ಧಾರ ಗ್ರೀನ್‌ಲ್ಯಾಂಡಿನ ಜನರದು. ಅವರು ಬೇಕೆಂದರೆ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನ ಸರ್ಕಾರ ಮತ್ತು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಸರ್ಕಾರ ಮಾತುಕತೆಗೆ ಕೂರಬೇಕು. ಮಾತುಕತೆಯಲ್ಲಿ ಮೂಡಿದ ಒಪ್ಪಂದಕ್ಕೆ 31 ಸದಸ್ಯರ ಗ್ರೀನ್‌ಲ್ಯಾಂಡ್ ಸಂಸತ್ತು, ಅಂದರೆ ಇನಾತ್ಸಿಸಾರ್ತುತ್, ಸಮ್ಮತಿಸಬೇಕು. ಜನಮತಗಣನೆಯಲ್ಲಿ ಅದು ಗೆಲ್ಲಬೇಕು. ಡೆನ್ಮಾರ್ಕಿನ ಸಂಸತ್ತೂ ಒಪ್ಪಬೇಕು. ಈ ಕೊನೆಯ ಮಾತನ್ನು ಬಹಳ ಮಂದಿ ಮರೆಯುತ್ತಾರೆ. ಮೊದಲ ನಿರ್ಧಾರವನ್ನು ಜನ ಯಾವ ರೀತಿಯಲ್ಲಿ ಕೈಗೊಳ್ಳಬೇಕೆಂದು ಕಾಯ್ದೆ ಬಿಡಿಸಿ ಹೇಳುವುದಿಲ್ಲ. ಅಲ್ಲಿಂದಲೇ ತಕರಾರು ಶುರು.

ಆದರೆ ತಡಕ್ಕೆ ಮುಖ್ಯ ಕಾರಣ ದುಡ್ಡು. ಡೆನ್ಮಾರ್ಕ್ ಪ್ರತಿವರ್ಷ ಇಡಿಗಂಟಿನ ಅನುದಾನ ಕೊಡುತ್ತದೆ. 2009ರ ಬೆಲೆಯಲ್ಲಿ ಅದು ಸುಮಾರು 344 ಕೋಟಿ ಡ್ಯಾನಿಶ್ ಕ್ರೋನ್. ಬೆಲೆ ಮತ್ತು ಸಂಬಳದ ಏರಿಕೆಗೆ ತಕ್ಕಂತೆ ಹೆಚ್ಚುತ್ತಾ ಈಗ 400 ಕೋಟಿ ದಾಟಿದೆ. ಸರ್ಕಾರಿ ಬಜೆಟ್ಟಿನ ಹೆಚ್ಚುಕಮ್ಮಿ ಅರ್ಧ ಇದರಿಂದಲೇ ನಡೆಯುತ್ತದೆ. ಇದನ್ನು ಬಿಟ್ಟು ಪೊಲೀಸ್, ನ್ಯಾಯಾಲಯ, ರಕ್ಷಣೆಯ ಖರ್ಚನ್ನೂ ಡೆನ್ಮಾರ್ಕೇ ನೇರವಾಗಿ ಹೊರುತ್ತದೆ.

ಸಿಕ್ಕಿಕೊಳ್ಳುವುದು ಇಲ್ಲೇ. 1979ರಲ್ಲಿ ಬಂದ ಗೃಹಾಡಳಿತದ (ಒಳಗಿನ ವ್ಯವಹಾರಗಳನ್ನಷ್ಟೇ ತಾವೇ ನೋಡಿಕೊಳ್ಳುವ ವ್ಯವಸ್ಥೆಯ) ಕಾಲದಲ್ಲಿ ಶಾಲೆ, ಆಸ್ಪತ್ರೆಗಳಂಥ ಖಾತೆಗಳು ನೂಕ್‌ಗೆ ಬಂದಾಗ ಅವುಗಳ ದುಡ್ಡೂ ಜೊತೆಗೇ ಬರುತ್ತಿತ್ತು. 2009ರ ನಂತರ ಹಾಗಿಲ್ಲ. ಹೊಸ ಖಾತೆ ಬೇಕೆಂದರೆ ಕೇಳಿದಾಗ ಸಿಗುತ್ತದೆ, ವೆಚ್ಚ ಮಾತ್ರ ತೆಗೆದುಕೊಂಡವರದೇ. ಖನಿಜ ಖಾತೆಯನ್ನು 2010ರ ಜನವರಿ 1ಕ್ಕೇ ತೆಗೆದುಕೊಂಡವರು ಪೊಲೀಸ್ ಮತ್ತು ನ್ಯಾಯಾಲಯಗಳನ್ನು ಇನ್ನೂ ಮುಟ್ಟಿಲ್ಲವೆಂದರೆ ಕಾರಣ ಅದೇ. ಖನಿಜದಿಂದ ಆದಾಯ ಬರಬಹುದು, ಪೊಲೀಸ್ ಠಾಣೆಯಿಂದ ಬರುವುದಿಲ್ಲವಲ್ಲ. ನ್ಯಾಯಾಲಯ ನಡೆಸಲು ಗ್ರೀನ್‌ಲ್ಯಾಂಡಿಗರ ಕಲಾಲ್ಲಿಸುತ್ ಭಾಷೆ ಬಲ್ಲ ವಕೀಲರು, ನ್ಯಾಯಾಧೀಶರು ಬೇಕು; 57 ಸಾವಿರ ಜನರ ನಾಡಿನಲ್ಲಿ ಅವರನ್ನು ತಯಾರು ಮಾಡಲು ಒಂದು ತಲೆಮಾರೇ ಹಿಡಿಯುತ್ತದೆ. 2019ರಲ್ಲಿ ನೂಕ್‌ನಲ್ಲಿ ಹೊಸ ಜೈಲು ತೆರೆಯುವ ತನಕ ದೀರ್ಘಾವಧಿಯ ಬಂಧನಕ್ಕೊಳಗಾದ ಗ್ರೀನ್‌ಲ್ಯಾಂಡಿಗರನ್ನು ಡೆನ್ಮಾರ್ಕಿಗೇ ಸಾಗಿಸುತ್ತಿದ್ದರು, ಮನೆಯವರಿಂದಲೂ ಭಾಷೆಯಿಂದಲೂ ದೂರ.

ಪ್ರಶ್ನೆ: ನೆಲದಡಿ ಅಷ್ಟೊಂದು ಖನಿಜವಿದೆ ಎನ್ನುತ್ತಾರೆ. ಅಗೆದು ಮಾರಿದರೆ ಅನುದಾನದ ಹಂಗು ಏಕೆ?

ಕಾಗದದ ಮೇಲೆ ಸರಿ, ಲೆಕ್ಕ ಹಾಕಿ ನೋಡಿ. ಖನಿಜದಿಂದ ಸರ್ಕಾರಕ್ಕೆ ಬರುವ ಆದಾಯದಲ್ಲಿ ವರ್ಷಕ್ಕೆ ಮೊದಲ 7.5 ಕೋಟಿ ಕ್ರೋನ್ ಪೂರ್ತಿ ಗ್ರೀನ್‌ಲ್ಯಾಂಡಿನದು. ಅದಕ್ಕಿಂತ ಮೇಲೆ ಬಂದುದರ ಅರ್ಧದಷ್ಟನ್ನು ಡೆನ್ಮಾರ್ಕ್ ತನ್ನ ಅನುದಾನದಿಂದ ಕಡಿತ ಮಾಡುತ್ತದೆ. 27.5 ಕೋಟಿ ಬಂದಿತೆನ್ನಿ: 7.5 ಕೋಟಿ ಬದಿಗಿಟ್ಟರೆ ಉಳಿದ 20 ಕೋಟಿಯ ಅರ್ಧ, ಅಂದರೆ 10 ಕೋಟಿ, ಅನುದಾನದಲ್ಲಿ ಖೋತಾ. ಕೈಗೆ ಹೆಚ್ಚಾಗಿ ಉಳಿಯುವುದು 17.5 ಕೋಟಿ. 400 ಕೋಟಿಯ ಅನುದಾನ ಸೊನ್ನೆಗಿಳಿಯಬೇಕಾದರೆ ವರ್ಷಕ್ಕೆ 807.5 ಕೋಟಿ ಆದಾಯ ಬರಬೇಕು. ಒಂದೆರಡು ಗಣಿಗಳಿಂದ ಆಗುವ ಮಾತಲ್ಲ.

ಇದರ ಮೇಲೆ ಊರಿನವರ ಒಪ್ಪಿಗೆ ಬೇರೆ. ದಕ್ಷಿಣದ ನಾರ್ಸಾಕ್ ಪಟ್ಟಣದ ಪಕ್ಕದ ಕ್ವಾನೆಫ್ಯೆಲ್ಡ್ ಗುಡ್ಡದಲ್ಲಿ ವಿರಳ ಭಸ್ಮ ಲೋಹಗಳ ಜೊತೆ ಯುರೇನಿಯಮ್ ಕೂಡ ಬೆರೆತಿದೆ. 2013ರಲ್ಲಿ ಯುರೇನಿಯಮ್ ನಿಷೇಧವನ್ನು ತೆಗೆದುಹಾಕಿದ್ದು 15–14ರ ಒಂದೇ ಮತದ ಅಂತರದಲ್ಲಿ. 2021ರ ಚುನಾವಣೆ ಬಹುಪಾಲು ಇದೇ ವಿಷಯದ ಮೇಲೆ ನಡೆಯಿತು. ಗಣಿಯನ್ನು ವಿರೋಧಿಸಿದ ಇನುಯಿತ್ ಅತಕತಿಗೀತ್ ಪಕ್ಷ ಗೆದ್ದು, ಆ ವರ್ಷವೇ ನಿಷೇಧವನ್ನು ಮರಳಿ ತಂದಿತು. ಆ ಭಾಗದಲ್ಲಿ ಕುರಿ ಸಾಕುವವರಿದ್ದಾರೆ. ಗಣಿಯ ದೂಳು ಹುಲ್ಲುಗಾವಲಿಗೆ ಬೀಳುತ್ತದೆಂಬ ಭಯ ಪಕ್ಷ ನೋಡಿ ಬರುವುದಿಲ್ಲ. ಹಾಗಾಗಿ ನಾಡಿನ ಹೊಟ್ಟೆ ತುಂಬಿಸುತ್ತಿರುವುದು ಇಂದಿಗೂ ಸಿಗಡಿ ಮತ್ತು ಹ್ಯಾಲಿಬಟ್ ಮೀನು. ರಫ್ತಿನ ಶೇ 90ಕ್ಕೂ ಹೆಚ್ಚು ಅದೇ.

ಪ್ರಶ್ನೆ: ಗ್ರೀನ್‌ಲ್ಯಾಂಡ್ ತನಗೆ ಬೇಕೆಂದು ಅಮೆರಿಕ ಕೇಳಿದ ಮೇಲೆ ಅಲ್ಲಿ ಸ್ವಾತಂತ್ರ್ಯದ ಕೂಗು ಜೋರಾಯಿತೋ, ತಣ್ಣಗಾಯಿತೋ?

ಮಾತು ಜೋರಾಯಿತು, ಮತ ಎಚ್ಚರಿಕೆಯ ಕಡೆ ವಾಲಿತು. 2025ರ ಜನವರಿಯ ಒಂದು ಸಮೀಕ್ಷೆಯಲ್ಲಿ ಶೇ 85ರಷ್ಟು ಜನ ಅಮೆರಿಕ ಸೇರುವುದು ಬೇಡವೆಂದರು, ಬೇಕೆಂದವರು ಶೇ 6. ಅದೇ ಸಮೀಕ್ಷೆಯಲ್ಲಿ ಸ್ವಾತಂತ್ರ್ಯಕ್ಕೆ ಹೂಂ ಎಂದವರು ಶೇ 56. ಆದರೆ ಜೀವನಮಟ್ಟಕ್ಕೆ ಪೆಟ್ಟು ಬೀಳುವುದಾದರೆ ಬೇಡ ಎಂದವರು ಶೇ 45. ಈ ಎರಡು ಅಂಕಿಗಳನ್ನು ಜೊತೆಯಲ್ಲಿಟ್ಟು ಓದದೆ ಬರೆದ ವರದಿಗಳನ್ನು ನಂಬಬೇಡಿ.

2025ರ ಮಾರ್ಚ್ 11ರ ಚುನಾವಣೆಯಲ್ಲಿ ಅವಸರ ಬೇಡವೆನ್ನುವ ಡೆಮೊಕ್ರಾಟ್ ಪಕ್ಷ 10 ಸ್ಥಾನಗಳೊಂದಿಗೆ ಮೊದಲು ಬಂತು. ಬೇಗ ಹೊರಡೋಣ ಎನ್ನುವ ನಲೆರಾಕ್ 8 ಗಳಿಸಿ ಎರಡನೆಯದಾಯಿತು. 1979ರಿಂದ ಹೆಚ್ಚಿನ ಕಾಲ ಸರ್ಕಾರ ನಡೆಸಿದ್ದ ಸಿಯುಮುತ್ ನಾಲ್ಕಕ್ಕೆ ಕುಸಿಯಿತು. ಇಡೀ ದೇಶ ಒಂದೇ ಮತಕ್ಷೇತ್ರ. ಒಂದು ಸ್ಥಾನಕ್ಕೆ ಸುಮಾರು 900 ಮತ ಸಾಕು. ಎರಡು ಮೀನುಗಾರ ಹಳ್ಳಿಗಳು ಮುನಿಸಿಕೊಂಡರೆ ಸಂಸತ್ತಿನಲ್ಲಿ ಒಂದು ಕುರ್ಚಿ ಅಲುಗಾಡುವ ಪ್ರಮಾಣ ಇದು. ಆಮೇಲೆ ನಲೆರಾಕ್ ಹೊರತು ಉಳಿದ ನಾಲ್ಕೂ ಪಕ್ಷಗಳು ಸೇರಿ ಯೆನ್ಸ್-ಫ್ರೆಡರಿಕ್ ನೀಲ್ಸನ್ ಅವರನ್ನು ಪ್ರಧಾನಿ ಮಾಡಿದವು. ಚುನಾವಣೆಗೆ ಮುಂಚೆ, ಫೆಬ್ರವರಿಯಲ್ಲಿ, ಪಕ್ಷಗಳು ವಿದೇಶಿ ಮತ್ತು ಅನಾಮಧೇಯ ದೇಣಿಗೆ ಪಡೆಯುವುದನ್ನು ಕಾನೂನು ಮಾಡಿ ನಿಲ್ಲಿಸಿದ್ದರು. ಇಷ್ಟು ಚಿಕ್ಕ ಮತದಾರಪಟ್ಟಿಯನ್ನು ಕೊಳ್ಳಲು ದೊಡ್ಡ ಮೊತ್ತ ಬೇಕಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಪ್ರಶ್ನೆ: ಅಲ್ಲಿ 'ಗ್ರೀನ್‌ಲ್ಯಾಂಡಿಗ' ಎಂದರೆ ಕಾನೂನಿನ ಪ್ರಕಾರ ಯಾರು? ಮೂಲನಿವಾಸಿ ಇನುಯಿಟ್ ಜನರ ರಕ್ತ ಇರಬೇಕೇ?

ಕಾನೂನಿನಲ್ಲಿ ಅಂಥ ಜಾತಿಯಿಲ್ಲ. ಪೌರತ್ವ ಡ್ಯಾನಿಶ್. ಸಂಸತ್ತಿಗೆ ಮತ ಹಾಕಲು ಡ್ಯಾನಿಶ್ ಪೌರತ್ವ, 18 ವರ್ಷ ವಯಸ್ಸು, ಆರು ತಿಂಗಳ ವಾಸ ಸಾಕು. ಹೀಗಾಗಿ ಕಳೆದ ವರ್ಷ ಬಂದ ಡ್ಯಾನಿಶ್ ನರ್ಸ್‌ಗೆ ಮತವಿದೆ, ನೂಕ್‌ನಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ನೆಲೆಸಿಬಿಟ್ಟವರಿಗೆ ಇಲ್ಲ. ಅಂಥವರು ಸುಮಾರು 17 ಸಾವಿರ. ಸ್ವಾತಂತ್ರ್ಯದ ಜನಮತಗಣನೆಗೂ ಇದೇ ಪಟ್ಟಿ ಸಾಕೇ ಎಂಬ ಜಗಳ ಅಲ್ಲಿ ಹಳೆಯದು. ಪಟ್ಟಿಯನ್ನು ವಂಶದ ಮೇಲೆ ಮಾಡಹೊರಟರೆ ಮಿಶ್ರ ಕುಟುಂಬಗಳೇ ತುಂಬಿರುವ ನೂಕ್‌ನಲ್ಲಿ ಗೆರೆ ಎಳೆಯುವುದು ಎಲ್ಲಿ? ನಮಗಂತೂ ಅದು ಅಪಾಯದ ದಾರಿ ಎನಿಸುತ್ತದೆ.

ಹುಟ್ಟಿದ ಜಾಗವನ್ನು ನೋಡಿ ಗೆರೆ ಎಳೆದದ್ದು ಒಮ್ಮೆ ಡೆನ್ಮಾರ್ಕೇ. 1953ರಲ್ಲಿ ಗ್ರೀನ್‌ಲ್ಯಾಂಡ್ ವಸಾಹತು ಅಲ್ಲ, ದೇಶದ ಸಮಾನ ಭಾಗ ಎಂದು ಸಂವಿಧಾನ ತಿದ್ದಿದರು. 1964ರ ಕಾನೂನು ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ನೌಕರನಿಗೆ, ಅದೇ ಹುದ್ದೆಯಲ್ಲಿರುವ ಡೆನ್ಮಾರ್ಕಿನವನ ಮೂಲವೇತನದ ಶೇ 85ರಷ್ಟು ಮಾತ್ರ ಕೊಟ್ಟಿತು. ಒಂದೇ ಶಾಲೆಯ ಪಕ್ಕಪಕ್ಕದ ಕೋಣೆಗಳಲ್ಲಿ ಪಾಠ ಮಾಡುವ ಇಬ್ಬರು ಶಿಕ್ಷಕರ ಸಂಬಳದ ಚೀಟಿ ಬೇರೆ ಬೇರೆ. 1970ರ ದಶಕದಲ್ಲಿ ಹುಟ್ಟಿದ ಗ್ರೀನ್‌ಲ್ಯಾಂಡ್ ಪಕ್ಷಗಳ ಸಿಟ್ಟಿಗೆ ಈ ಚೀಟಿಯೂ ಕಾರಣ.

ಪ್ರಶ್ನೆ: ಅರ್ಧ ಶತಮಾನದ ಹಿಂದಿನ ತಪ್ಪುಗಳಿಗೆ ಡೆನ್ಮಾರ್ಕ್ ಈಗ ಕ್ಷಮೆ ಕೇಳುತ್ತಿರುವುದೇಕೆ? ಅಮೆರಿಕದ ಭಯಕ್ಕೇ?

ಅದೂ ಒಂದು ಕಾರಣ, ಅದೊಂದೇ ಅಲ್ಲ. 1951ರಲ್ಲಿ 22 ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಡೆನ್ಮಾರ್ಕಿಗೆ ಒಯ್ದ ಪ್ರಯೋಗಕ್ಕೆ ಕ್ಷಮೆ ಬಂದದ್ದು 2020ರಲ್ಲಿ. 1953ರಲ್ಲಿ ಅಮೆರಿಕದ ಥೂಲೆ ವಾಯುನೆಲೆಗಾಗಿ ಇನುಗುಯಿಟ್ (ಉತ್ತರದ ಇನುಯಿಟ್) ಕುಟುಂಬಗಳನ್ನು ಉತ್ತರದ ಕಾನಾಕ್‌ಗೆ ಎಬ್ಬಿಸಿದ್ದಕ್ಕೆ 1999ರಲ್ಲಿ ಪ್ರಧಾನಿ ಕ್ಷಮೆ ಕೇಳಿದರು. ಇವೆರಡೂ ಈಗಿನ ಗದ್ದಲಕ್ಕಿಂತ ಹಿಂದಿನವು.

ಗಾಯ ಹಸಿಯಾಗಿರುವುದು ಗರ್ಭನಿರೋಧಕ ಸಾಧನದ ಪ್ರಕರಣದಲ್ಲಿ. 1966ರಿಂದ 1970ರ ಕೊನೆಯವರೆಗೆ ಸುಮಾರು 4,500 ಮಹಿಳೆಯರಿಗೆ, ಎಳೆಯ ಹುಡುಗಿಯರಿಗೂ, ಗರ್ಭಕೋಶದೊಳಗೆ ಗರ್ಭನಿರೋಧಕ ಸುರುಳಿ ಹಾಕಲಾಯಿತು. ಅನೇಕರಿಗೆ ಒಪ್ಪಿಗೆ ಕೇಳಲಿಲ್ಲ, ಕೆಲವರಿಗೆ ತಿಳಿಸಲೂ ಇಲ್ಲ. ಮಕ್ಕಳಾಗದೆ ವೈದ್ಯರ ಬಳಿ ಹೋದಾಗಷ್ಟೇ ಒಳಗೆ ಸಾಧನವಿರುವುದು ಗೊತ್ತಾದವರಿದ್ದಾರೆ. 2025ರ ಆಗಸ್ಟಿನಲ್ಲಿ ಡೆನ್ಮಾರ್ಕಿನ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್ ಕ್ಷಮೆ ಕೇಳಿದರು, ಸೆಪ್ಟೆಂಬರಿನಲ್ಲಿ ನೂಕ್‌ಗೇ ಬಂದು ಮತ್ತೆ ಕೇಳಿದರು. ಗಮನಿಸಬೇಕಾದ್ದು, ಗ್ರೀನ್‌ಲ್ಯಾಂಡ್ ಸರ್ಕಾರವೂ ಜೊತೆಗೆ ಕ್ಷಮೆ ಕೇಳಿತು. 1992ರಲ್ಲಿ ಆರೋಗ್ಯ ಖಾತೆ ನೂಕ್‌ಗೆ ಬಂದ ಮೇಲೂ ಇಂಥ ಕೆಲವು ಪ್ರಕರಣಗಳು ನಡೆದಿದ್ದವು. ಡೆನ್ಮಾರ್ಕಿನಲ್ಲಿರುವ ಗ್ರೀನ್‌ಲ್ಯಾಂಡ್ ತಾಯಂದಿರಿಗೆ ಮಗು ಸಾಕುವ ಯೋಗ್ಯತೆ ಇದೆಯೇ ಎಂದು ಮಾಡುತ್ತಿದ್ದ ಮನೋವೈಜ್ಞಾನಿಕ ಪರೀಕ್ಷೆಯನ್ನು 2025ರ ಮೇ ತಿಂಗಳಲ್ಲಿ ನಿಲ್ಲಿಸಿದರು. ಪರೀಕ್ಷೆಯ ಪ್ರಶ್ನೆಗಳು ಡ್ಯಾನಿಶ್ ಸಮಾಜದ ಅಳತೆಯವು ಎಂದು ವರ್ಷಗಟ್ಟಲೆ ದೂರಿದ್ದರೂ ಕೇಳಿಸಿಕೊಳ್ಳಲು ಆ ವರ್ಷವೇ ಬರಬೇಕಾಯಿತು. ಅಮೆರಿಕದ ಒತ್ತಡ ಕೆಲಸ ಮಾಡಿದ್ದು ಎಲ್ಲಿ ಎಂದು ಕೇಳಿದರೆ ನಾವು ಇದನ್ನೇ ತೋರಿಸುತ್ತೇವೆ.

ಪ್ರಶ್ನೆ: ಕಲಾಲ್ಲಿಸುತ್ ಏಕೈಕ ಅಧಿಕೃತ ಭಾಷೆ. ಅಂದರೆ ಭಾಷೆಯ ಜಗಳ ಮುಗಿಯಿತೇ?

ಇಲ್ಲ, ಜಾಗ ಬದಲಾಯಿತು. 2009ರಿಂದ ಅಧಿಕೃತ ಭಾಷೆ ಅದೇ. ಆದರೆ ಪ್ರೌಢಶಿಕ್ಷಣದ ನಂತರದ ಓದು ಬಹುಪಾಲು ಡ್ಯಾನಿಶ್‌ನಲ್ಲಿ. ಡ್ಯಾನಿಶ್ ಬಾರದ ಹಳ್ಳಿಯ ಹುಡುಗ ಅಲ್ಲೇ ಎಡವುತ್ತಾನೆ; ನೂಕ್‌ನ ಡ್ಯಾನಿಶ್ ಮಾತಾಡುವ ಗ್ರೀನ್‌ಲ್ಯಾಂಡಿಗ ತನ್ನೂರಲ್ಲೇ ಅರೆಬರೆ ಎನಿಸಿಕೊಳ್ಳುತ್ತಾನೆ. ಇನ್ನು ಕಲಾಲ್ಲಿಸುತ್ ಎಂದು ಬರಹಕ್ಕಿಳಿದದ್ದು ಪಶ್ಚಿಮ ತೀರದ ಮಾತು. ಪೂರ್ವದ ತಾಸಿಲಾಕ್‌ನವರ ಮಾತು, ಉತ್ತರದ ಕಾನಾಕ್‌ನವರ ಮಾತು ಬೇರೆಯೇ. ಅಲ್ಲಿನ ಮಕ್ಕಳು ಶಾಲೆಗೆ ಬಂದಾಗ ಮೊದಲು ಪಶ್ಚಿಮದ ಬರಹ, ಆಮೇಲೆ ಡ್ಯಾನಿಶ್, ಆಮೇಲೆ ಇಂಗ್ಲಿಷ್ ಕಲಿಯಬೇಕು. ಕೋಪನ್‌ಹೇಗನ್ ಬಗ್ಗೆ ನೂಕ್ ಹೇಳುವ ದೂರನ್ನು ತಾಸಿಲಾಕ್ ನೂಕ್ ಬಗ್ಗೆ ಹೇಳುತ್ತದೆ.

ಪ್ರಶ್ನೆ: ಫಾರೊ ದ್ವೀಪಗಳೂ ಡೆನ್ಮಾರ್ಕಿನವೇ. ಅಲ್ಲೇಕೆ ಇಷ್ಟು ಗಲಾಟೆ ಕೇಳಿಸುವುದಿಲ್ಲ?

ಫಾರೊ ಇರುವುದು 62 ಡಿಗ್ರಿ ಉತ್ತರದಲ್ಲಿ, ಧ್ರುವವೃತ್ತದಿಂದ ಸಾಕಷ್ಟು ಕೆಳಗೆ. ರಾಜಕೀಯ ಒಂದೇ ಆದ್ದರಿಂದ ಇಲ್ಲಿ ಸೇರಿಸಿಕೊಳ್ಳೋಣ. 18 ದ್ವೀಪ, ಜನವಾಸ 17ರಲ್ಲಿ, ಜನಸಂಖ್ಯೆ ಸುಮಾರು 55 ಸಾವಿರ.

ಗಲಾಟೆ ಆಗಿದೆ. 1946ರ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಇನ್ನೂರಕ್ಕಿಂತ ಕಡಿಮೆ ಮತಗಳಿಂದ ಸ್ವಾತಂತ್ರ್ಯ ಗೆದ್ದಿತು. ರಾಜ ಅಲ್ಲಿನ ಸಂಸತ್ತನ್ನು ವಿಸರ್ಜಿಸಿದ. ಹೊಸ ಚುನಾವಣೆಯಲ್ಲಿ ಡೆನ್ಮಾರ್ಕಿನ ಪರದವರು ಗೆದ್ದರು. 1948ರಲ್ಲಿ ಗೃಹಾಡಳಿತದ ರಾಜಿ ಆಯಿತು. ಐಸ್‌ಲ್ಯಾಂಡ್ 1944ರಲ್ಲೇ, ಡೆನ್ಮಾರ್ಕ್ ಜರ್ಮನಿಯ ಹಿಡಿತದಲ್ಲಿದ್ದಾಗ ಗಣರಾಜ್ಯವಾಗಿ ದಾಟಿಕೊಂಡಿತ್ತು. ಅದರ ಕೈಯಲ್ಲಿ 1918ರ ಒಪ್ಪಂದವಿತ್ತು, 25 ವರ್ಷದ ನಂತರ ಬಿಟ್ಟುಹೋಗಬಹುದೆಂಬ ಷರತ್ತಿನೊಂದಿಗೆ. ಫಾರೊಗೆ ಅಂಥ ಕಾಗದವಿರಲಿಲ್ಲ.

ಎರಡನೆಯ ಸಲ, 2000ರಲ್ಲಿ, ಮಾತುಕತೆ ಮುರಿದದ್ದು ದುಡ್ಡಿನ ಮೇಲೆ. ಫಾರೊ ಅನುದಾನವನ್ನು 15 ವರ್ಷದಲ್ಲಿ ಹಂತಹಂತವಾಗಿ ಇಳಿಸೋಣವೆಂದಿತು, ಡೆನ್ಮಾರ್ಕ್ ನಾಲ್ಕೇ ವರ್ಷ ಎಂದಿತು. 1990ರ ದಶಕದ ಆರಂಭದಲ್ಲಿ ಬ್ಯಾಂಕುಗಳು ಮುಳುಗಿ ಸಾವಿರಾರು ಜನ ಊರು ಬಿಟ್ಟ ನೆನಪು ಹಸಿಯಾಗಿತ್ತು. 2001ಕ್ಕೆ ಗೊತ್ತಾಗಿದ್ದ ಜನಮತಗಣನೆಯನ್ನು ಕೈಬಿಟ್ಟರು. ಆಮೇಲೆ ಅವರು ಹಿಡಿದದ್ದು ಬೇರೆ ದಾರಿ: ಅನುದಾನವನ್ನು ತಗ್ಗಿಸಿಕೊಂಡು, ಅದಿಲ್ಲದೆಯೂ ಬದುಕಬಲ್ಲ ಸ್ಥಿತಿಗೆ ಬರುವುದು. ಸಾಲ್ಮನ್ ಸಾಕಣೆ ಕೈಹಿಡಿಯಿತು. ಗ್ರೀನ್‌ಲ್ಯಾಂಡಿನಂತೆ ಬಜೆಟ್ಟಿನ ಅರ್ಧಕ್ಕೆ ಕೈಯೊಡ್ಡುವ ಪಾಡು ಇಂದು ಅವರಿಗಿಲ್ಲ.

ವಿದೇಶ ವ್ಯವಹಾರದಲ್ಲಿ ತೊಡಕು ಎಂಥದು ಎನ್ನುವುದಕ್ಕೆ 2013ರ ಹೆರಿಂಗ್ ಮೀನಿನ ಜಗಳ ನೋಡಿ. ಫಾರೊ ಐರೋಪ್ಯ ಒಕ್ಕೂಟಕ್ಕೆ ಎಂದೂ ಸೇರಲಿಲ್ಲ (ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ಜೊತೆ 1973ರಲ್ಲಿ ಒಳಗೆ ಹೋಗಿ, 1985ರಲ್ಲಿ ಹೊರಬಂತು). ಫಾರೊ ತನ್ನ ಪಾಲೆಂದು ಹೆಚ್ಚು ಹೆರಿಂಗ್ ಹಿಡಿದಾಗ ಒಕ್ಕೂಟ ಅದರ ಮೀನಿಗೆ ಬಂದರುಗಳನ್ನು ಮುಚ್ಚಿತು. ಸದಸ್ಯ ರಾಷ್ಟ್ರವಾದ ಡೆನ್ಮಾರ್ಕ್ ತನ್ನದೇ ರಾಜ್ಯದ ಭಾಗದ ದೋಣಿಗಳನ್ನು ತಡೆಯಬೇಕಾಯಿತು. ಫಾರೊ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಡಲು ಹೊರಟರೆ, ಅಲ್ಲಿ ಫಾರೊಗೆ ಪ್ರತ್ಯೇಕ ಸದಸ್ಯತ್ವವಿಲ್ಲ. ಆದ್ದರಿಂದ ದೂರು ದಾಖಲಾದದ್ದು 'ಫಾರೊ ದ್ವೀಪಗಳ ವಿಷಯದಲ್ಲಿ ಡೆನ್ಮಾರ್ಕ್' ಎಂಬ ಹೆಸರಲ್ಲಿ. ತಡೆದವರೂ ಅವರೇ, ದೂರಿತ್ತವರೂ ಅವರೇ! ಮರುವರ್ಷ ರಾಜಿಯಾಯಿತು.

ಒಳರಾಜಕೀಯವನ್ನು ಬದಲಿಸಿದ್ದು ಸುರಂಗಗಳು. 2020ರಲ್ಲಿ ತೆರೆದ 11.2 ಕಿಲೋಮೀಟರ್ ಉದ್ದದ ಸಮುದ್ರದಡಿಯ ಸುರಂಗದಲ್ಲಿ ಒಂದು ವೃತ್ತವೂ ಇದೆ. ರಾಜಧಾನಿ ತೋರ್ಸ್‌ಹಾವ್ನ್‌ನಿಂದ ರುನಾವೀಕ್‌ಗೆ ಒಂದು ತಾಸು ಹಿಡಿಯುತ್ತಿದ್ದ ಹಾದಿ 16 ನಿಮಿಷಕ್ಕಿಳಿಯಿತು. 2023ರಲ್ಲಿ ಸ್ಯಾಂಡೊಯ್ ದ್ವೀಪವೂ ಜೋಡಿಸಿಕೊಂಡಿತು. ಏಳು ಮತಕ್ಷೇತ್ರಗಳನ್ನು ಅಳಿಸಿ ಇಡೀ ನಾಡನ್ನು ಒಂದೇ ಕ್ಷೇತ್ರ ಮಾಡಿದ್ದು 2008ರ ಚುನಾವಣೆಯಿಂದ. ನಮ್ಮ ದ್ವೀಪದ ಸದಸ್ಯ ಎಂಬ ಹಿಡಿತ ಹೋಗಿ ಮನೆ, ಕೆಲಸ ಎಲ್ಲ ರಾಜಧಾನಿಯ ಸುತ್ತ ಸೇರುತ್ತಿವೆ ಎಂಬ ಕೊರಗು ದೂರದ ದ್ವೀಪಗಳಲ್ಲಿ ಇದ್ದೇ ಇದೆ.

ಪ್ರಶ್ನೆ: ಡೆನ್ಮಾರ್ಕ್ ಸಂಸತ್ತಿನಲ್ಲಿ ಇವರ ಸದಸ್ಯರಿಗೆ ಬೆಲೆ ಇದೆಯೇ?

179ರಲ್ಲಿ ಇಬ್ಬರು ಗ್ರೀನ್‌ಲ್ಯಾಂಡಿನವರು, ಇಬ್ಬರು ಫಾರೊದವರು. ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. 2022ರಲ್ಲಿ ಎಡಬಣಕ್ಕೆ ಡೆನ್ಮಾರ್ಕಿನೊಳಗೆ 87 ಬಂತು, ಬಹುಮತದ 90 ತುಂಬಿದ್ದು ಗ್ರೀನ್‌ಲ್ಯಾಂಡಿನ ಇಬ್ಬರು ಮತ್ತು ಫಾರೊದ ಒಬ್ಬರಿಂದ. ಆ ರಾತ್ರಿ ಎಲ್ಲರೂ ಎಣಿಸಿದರು.

ಪ್ರಶ್ನೆ: ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡವಂತೆ, ಯಾರು ಬೇಕಾದರೂ ಹೋಗಿ ನೆಲೆಸಬಹುದಂತೆ. ನಿಜವೇ?

ಅರ್ಧ ನಿಜ. 1920ರಲ್ಲಿ ಸಹಿಯಾಗಿ 1925ರಲ್ಲಿ ಜಾರಿಗೆ ಬಂದ ಒಪ್ಪಂದ ಈ ದ್ವೀಪಸಮೂಹದ ಒಡೆತನವನ್ನು ನಾರ್ವೆಗೆ ಕೊಟ್ಟಿತು, ಸಹಿ ಹಾಕಿದ ದೇಶಗಳ ಪ್ರಜೆಗಳಿಗೆ ದುಡಿಮೆಯ ಸಮಾನ ಹಕ್ಕು ಕೊಟ್ಟಿತು. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿ ಭಾರತವೂ ಅದರಲ್ಲಿತ್ತು; ನೀ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. ವೀಸಾ, ಕೆಲಸದ ಪರವಾನಗಿ ಬೇಡ. ಆದರೆ ವಿಮಾನ ಹೋಗುವುದು ನಾರ್ವೆ ಮುಖಾಂತರ, ಸ್ವಾಲ್‌ಬಾರ್ಡ್ ಯುರೋಪಿನ ಹಲವು ದೇಶಗಳ ಒಂದೇ ವೀಸಾ ವಲಯವಾದ ಷೆಂಗೆನ್‌ನ ಹೊರಗೆ. ಹೋಗಿ ಮರಳಲು ಎರಡು ಪ್ರವೇಶದ ಷೆಂಗೆನ್ ವೀಸಾ ಬೇಕು. ಒಂದೇ ಪ್ರವೇಶದ್ದು ಮಾಡಿಸಿಕೊಂಡವರು ವಾಪಸಾಗುವಾಗ ಸಿಕ್ಕಿಬೀಳುತ್ತಾರೆ.

ನೆಲೆಸಲು ಮನೆ ಬೇಕು. ಅಲ್ಲಿನ ಮುಖ್ಯ ಊರಾದ, ಸುಮಾರು 2,500 ಜನರ ಲಾಂಗ್‌ಇಯರ್‌ಬಿಯೆನ್‌ನಲ್ಲಿ ಮನೆಗಳು ಹೆಚ್ಚಾಗಿ ಕಂಪನಿ ಅಥವಾ ಸರ್ಕಾರದವು, ನೌಕರಿಯ ಜೊತೆ ಬರುವಂಥವು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ನಿರುದ್ಯೋಗ ಭತ್ಯೆ, ವೃದ್ಧರ ಆರೈಕೆ ಇಲ್ಲ. ತನ್ನನ್ನು ತಾನು ಪೋಷಿಸಿಕೊಳ್ಳಲಾಗದವರನ್ನು ಗವರ್ನರ್ ಹೊರಗೆ ಕಳಿಸಬಹುದು. ಹೆರಿಗೆಗೆ ಕೆಲವು ವಾರ ಮುಂಚೆಯೇ ಮುಖ್ಯಭೂಮಿಗೆ ಹೋಗಬೇಕು. ಬದಲಿಗೆ ತೆರಿಗೆ ಹಗುರ: ಸಂಬಳದ ಮೇಲೆ ಬಹುಮಂದಿಗೆ ಶೇ 8, ವಿಮೆಯ ಪಾಲು ಬೇರೆ. ದ್ವೀಪದ ತೆರಿಗೆಯನ್ನು ದ್ವೀಪಕ್ಕೇ ಬಳಸಬೇಕೆಂದು ಒಪ್ಪಂದವೇ ಹೇಳುತ್ತದೆ.

ಈಚಿನ ಜಗಳ ಮತದ್ದು. ಊರಿನಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ವಿದೇಶೀಯರು. ಥಾಯ್ಲೆಂಡ್, ಫಿಲಿಪ್ಪೀನ್ಸ್‌ನವರು ಬಹಳ. ಮೊದಲು ಮೂರು ವರ್ಷ ದ್ವೀಪದಲ್ಲಿದ್ದರೆ 15 ಸದಸ್ಯರ ಸ್ಥಳೀಯ ಮಂಡಳಿಗೆ ಅವರೂ ಮತ ಹಾಕಬಹುದಿತ್ತು. 2022ರಲ್ಲಿ ನಾರ್ವೆ ನಿಯಮ ತಿರುಗಿಸಿತು: ಆ ಮೂರು ವರ್ಷ ಮುಖ್ಯಭೂಮಿಯಲ್ಲಿ ಕಳೆದಿರಬೇಕು. ಹತ್ತು ವರ್ಷದಿಂದ ಊರಿನ ಹೋಟೆಲಿನಲ್ಲಿ ದುಡಿಯುವ ಥಾಯ್ ಹೆಂಗಸು, ಅವಳ ಮಕ್ಕಳು ಅಲ್ಲಿನ ಶಾಲೆಯಲ್ಲೇ ಓದುತ್ತಿದ್ದರೂ, 2023ರ ಚುನಾವಣೆಯಲ್ಲಿ ಮತದಾರಳಾಗಲಿಲ್ಲ. ಅಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ವಾಸಕ್ಕೂ ಲೆಕ್ಕಕ್ಕೆ ಬರುವುದಿಲ್ಲ. ನಾರ್ವೆಯ ಭಯ ಅರ್ಥವಾಗದ್ದೇನಲ್ಲ. ಅದೇ ದ್ವೀಪದ ಬಾರೆಂಟ್ಸ್‌ಬರ್ಗ್‌ನಲ್ಲಿ ರಷ್ಯಾದ ಸರ್ಕಾರಿ ಗಣಿ ಕಂಪನಿಯಿದೆ, 2023ರ ಮೇ 9ರಂದು ಅಲ್ಲಿ ಎರಡನೇ ಮಹಾಯುದ್ಧದ ಗೆಲುವಿನ ನೆನಪಿನ ವಾಹನ ಮೆರವಣಿಗೆಯೂ ನಡೆಯಿತು. 2024ರಲ್ಲಿ ಕೊನೆಯ ಖಾಸಗಿ ಜಮೀನು ಮಾರಾಟಕ್ಕೆ ಬಂದಾಗ ಸರ್ಕಾರ ತಡೆಹಿಡಿಯಿತು. ನಾರ್ವೆಯ ಕೊನೆಯ ಕಲ್ಲಿದ್ದಲು ಗಣಿ 2025ರಲ್ಲಿ ಮುಚ್ಚಿದ ಮೇಲೆ ಊರನ್ನು ಪ್ರವಾಸೋದ್ಯಮವೂ ಸಂಶೋಧನೆಯೂ ನಡೆಸಬೇಕು, ಪ್ರವಾಸೋದ್ಯಮವನ್ನು ನಡೆಸುತ್ತಿರುವ ಕೈಗಳು ಹೆಚ್ಚಾಗಿ ವಿದೇಶೀಯರವು. ಮತ ಕಿತ್ತುಕೊಂಡ ನಿಯಮದ ತೂಕ ಬಿದ್ದದ್ದು ರಷ್ಯಾದ ಮೇಲಲ್ಲ, ಈ ಕೈಗಳ ಮೇಲೆ.

ಪ್ರಶ್ನೆ: ಸ್ವಾಲ್‌ಬಾರ್ಡಿನಲ್ಲಿ ಸಾಯುವುದು ಕಾನೂನುಬಾಹಿರವೇ?

ಅಲ್ಲ. ಹೆಪ್ಪುಗಟ್ಟಿದ ನೆಲ ಹೂತದ್ದನ್ನು ಮೇಲಕ್ಕೆ ತಳ್ಳುವುದರಿಂದ ಶವಪೆಟ್ಟಿಗೆ ಹೂಳುವುದನ್ನು ನಿಲ್ಲಿಸಿದ್ದಾರೆ. ಚಿತಾಭಸ್ಮದ ಕಲಶವನ್ನು ಅನುಮತಿ ಪಡೆದು ಹೂಳಬಹುದು.